ಎರಡರಿಂದ ಮೂರಕ್ಕೆ

ಕೋರ್ಟಿನ ಸ್ಟೆನೊ ರತ್ನಮಾಲಾ ಮೇಡಂ
ಗಾಡಿಯ ಕಾಯಿಲೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು,
ಶೀಘ್ರಲಿಪಿಯಲ್ಲಿ: ಕೊಕ್ಕೆ, ಗೀಟು, ಚುಕ್ಕಿ,
ಇರುವೆ ಮಸಿಯಲ್ಲಿ ಕಾಲದ್ದಿ ನಡೆದ ಹಾಗೆ.

ಮಂಡ್ಯದ ಗುತ್ತಲು ರಸ್ತೆ, ನನ್ನ ಶೆಡ್ಡು.
ಗ್ರೀಸು ಹತ್ತಿದ ಸ್ಟೂಲಿಗೆ ಪೇಪರು ಹಾಸಿ ಕೂತು
ಹೇಳಿಕೆ ಓದುವ ದನಿಯಲ್ಲಿ ಓದಿದರು:

"ಸೋಮವಾರ, ಒಂಬತ್ತೂ ಹತ್ತು. ತಣ್ಣಗಿದ್ದಾಗ ತಕರಾರಿಲ್ಲ.
ಮಂಗಳವಾರ. ಡಿ-ಗೆ ಹಾಕಿದರೆ ಎರಡು ಎಣಿಸುವಷ್ಟು ಹೊತ್ತು ಯೋಚನೆ,
ಆಮೇಲೆ ಹಿಂದಿನಿಂದ ಯಾರೋ ನೂಕಿದ ಹಾಗೆ.
ಬುಧವಾರ, ಇಂಡುವಾಳು ದಾಟಿ, ಉರಿಬಿಸಿಲು.
ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ನು ಕೂಗಿತು,
ಗಾಡಿ ಮುಂದೆ ಹೋಗಲಿಲ್ಲ.
ರಿವರ್ಸು ಸರಿ ಇದೆ.
ಶುಕ್ರವಾರ: ನಾನೂ ಕೂಗಿದೆ."

ಮೇಡಂ ಎಡಗಾಲಿಗೆ ಕ್ಯಾಲಿಪರ್,
ತೊಟ್ಟಿಲು ಬಿಟ್ಟ ಹೊಸದರಲ್ಲಿ ಬಂದ ಜ್ವರದ ಬಾಕಿ.
ಕ್ಲಚ್ಚಿಲ್ಲದ ಗಾಡಿ ಅವರಿಗೆ ಷೋಕಿಯಲ್ಲ.
ಮೈಸೂರಿನ ಷೋರೂಮಿನವರು ಲ್ಯಾಪ್‌ಟಾಪ್ ಚುಚ್ಚಿ
ಕಾಫಿ ಆರುವುದರೊಳಗೆ ತೀರ್ಪು ಕೊಟ್ಟಿದ್ದರು:
ಗೇರ್‌ಬಾಕ್ಸೇ ಬದಲಾಯಿಸಿ, ಎರಡೂವರೆ ಲಕ್ಷ.
"ಸಾಕ್ಷಿ ವಿಚಾರಣೆಯೇ ಆಗಿಲ್ಲವಲ್ಲ" ಅಂದರು ಮೇಡಂ.

ಹಳೇ ಮಾದರಿ, ಪುಣ್ಯಕ್ಕೆ ಗೇಜುಕಡ್ಡಿ ಇತ್ತು.
ಇಂಜಿನ್ನು ಓಡುತ್ತಿರುವಾಗಲೇ ಎಳೆದೆ.
ಬಿಳಿ ಕಾಗದದ ಮೇಲೆ ಒಂದು ಹನಿ.

ನಮ್ಮಪ್ಪ ಜವನಯ್ಯ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ.
ಕುದಿವ ಕೊಪ್ಪರಿಗೆಯಿಂದ ಒಂದು ತೊಟ್ಟು ತಣ್ಣೀರ ಬಟ್ಟಲಿಗೆ;
ಬೆರಳಿಗೆ ಉಂಡೆ ಕಟ್ಟಿದರೆ ಇಳಿಸು,
ಒಂದು ಬೀಡಿ ಹಚ್ಚುವಷ್ಟು ತಡವಾದರೂ ಬೆಲ್ಲವೆಲ್ಲ ಕರಿ.
ಆ ಸೀದ ವಾಸನೆ ನನ್ನ ಮೂಗಿನಲ್ಲಿ
ಬಾಡಿಗೆ ಕೊಡದೆ ಕೂತಿದೆ ಇನ್ನೂ.

ಹನಿ ಹರಡಿತು. ಅಂಚಿಗೆ ದಾಸವಾಳದ ಕೆಂಪು,
ನಡುವೆ ಕಂದು. ಮೂಸಿದೆ.
ಪಾಕ ಮೀರಿದೆ, ತಳ ಹಿಡಿದಿಲ್ಲ.
ಬೆರಳ ನಡುವೆ ತಿಕ್ಕಿದೆ, ಲೋಹದ ಚೂರು ತಾಗಲಿಲ್ಲ.

"ಒಳಗೇನಾಗಿದೆ?"
ವಿ.ಸಿ. ನಾಲೆ ನೋಡಿದೀರಲ್ಲ ಮೇಡಂ, ಅಂದೆ.
ಎಣ್ಣೆಯೇ ನೀರು. ಒಂದೊಂದು ಗೇರೂ ಒಂದೊಂದು ಗದ್ದೆ.
ಗದ್ದೆಗೊಂದು ತೂಬು, ತೂಬಿಗೊಬ್ಬ ಸೌಡಿ;
ಸೊಲೆನಾಯ್ಡ್ ಅಂತ ಬಿಲ್ಲಿನಲ್ಲಿ ಬರೆಯೋದು ಅವನನ್ನೇ.
ಮೂರನೇ ತೂಬಿನವನು ಬಿಸಿಲೇರಿದರೆ ತೂಕಡಿಸುತ್ತಾನೆ.
ಎರಡನೇ ಗದ್ದೆಯ ನೀರು ನಿಂತಾಯಿತು,
ಮೂರನೆಯದಕ್ಕೆ ಬಂದಿಲ್ಲ.
ಆ ಬದುವಿನ ಮೇಲೆ ನಿಂತು ಇಂಜಿನ್ನು ಬೊಬ್ಬೆ ಹಾಕುತ್ತೆ.

ಅದನ್ನೂ ಬರೆದುಕೊಂಡರು,
ಸೌಡಿ ಎಂಬಲ್ಲಿ ಒಮ್ಮೆ ತಲೆಯೆತ್ತಿ ನಕ್ಕು.

"ಎಣ್ಣೆ ಪೂರಾ ತೊಳ್ದು ಹೊಸ್ದು ಹುಯ್ಯನಾ ಅಣ್ಣ?"
ನಮ್ಮ ಹುಡುಗ ತನ್ವೀರನಿಗೆ ಅವಸರ.
ತಡಿಯಲಾ, ಅಂದೆ.
ಸವೆದ ಪ್ಲೇಟುಗಳು ಕೆಲವು ಸಲ
ತಮ್ಮದೇ ಸವಕಲು ಪುಡಿಯನ್ನು ಆತುಕೊಂಡು
ಒಂದನ್ನೊಂದು ಹಿಡಿದಿರುತ್ತವೆ.
ಕೊಳೆ ಅಂತ ಅಷ್ಟನ್ನೂ ತೊಳೆದುಬಿಟ್ಟರೆ
ಮಾರನೆ ದಿನ ಯಾವ ಗೇರೂ ಕಚ್ಚುವುದಿಲ್ಲ.

ಪೆನ್ನು ನಿಂತಿತು.
ಕ್ಯಾಲಿಪರಿನ ಬಕಲನ್ನು, ಇದೆಯೋ ಎಂದು ನೋಡುವಂತೆ,
ಒಮ್ಮೆ ಮುಟ್ಟಿಕೊಂಡರು.
"ಹಾಗಾದ್ರೆ ಎಷ್ಟು ತೆಗೀತೀರಿ?"

ತಟ್ಟೆಯಲ್ಲಿ ಇಳಿದಷ್ಟು. ಮೂರರಲ್ಲೊಂದು ಪಾಲು.
ಸೌಡಿಯನ್ನು ಬದಲಾಯಿಸುತ್ತೇನೆ.
ಸಾವಿರ ಕಿಲೋಮೀಟರ್ ಓಡಿಸಿ, ಬರ್ಕೊಂಡು ಬನ್ನಿ.

"ಸರಿಹೋಗತ್ತಾ?"

'ಆಗಬಹುದು' ಅನ್ನೋದಕ್ಕೆ ನಿಮ್ಮ ಲಿಪಿಯಲ್ಲಿ ಗುರುತಿದೆಯಾ, ಕೇಳಿದೆ.
ಪುಟ ತಿರುಗಿಸಿ ತೋರಿಸಿದರು:
ಗೀಟಿಗೆ ತಾಗಿಯೂ ತಾಗದ ಸಣ್ಣದೊಂದು ಕೊಕ್ಕೆ.

ಹೊರಗೆ ಕಬ್ಬಿನ ಟ್ರ್ಯಾಕ್ಟರು ಕರ್ಕಶವಾಗಿ ಗೇರು ಬದಲಿಸಿ ಹೋಯಿತು,
ಇಡೀ ಬೀದಿಗೆ ತನ್ನ ಕಷ್ಟ ಹೇಳಿಕೊಂಡು.
ತನ್ವೀರ ಗಾಡಿಯಡಿ ತಟ್ಟೆ ಜರುಗಿಸಿ ಬೋಲ್ಟು ಬಿಚ್ಚಿದ.
ಎಣ್ಣೆ ಇಳಿಯಿತು, ಬೆಚ್ಚಗೆ, ನಿಧಾನ.
ಅಪ್ಪ ಇದ್ದಿದ್ದರೆ ಯಾರನ್ನೂ ಕೇಳದೆ
ಬೆರಳು ಅದ್ದುತ್ತಿದ್ದ.